ರಾಶಿಯ ಮೇಲಿನ ಬೂದಿಗೆರೆ

ಪುಟ್ಟಿ,

ಮೂರು ಸರ್ವರ್‌ಗಳ ಹೊಣೆ ಇನ್ನು ಮೇಲೆ ನಿನ್ನದೇ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅವತ್ತಿನಿಂದ ನನಗೆ ನಮ್ಮ ತಾತನ ಕಣ ನೆನಪಾಗುತ್ತಿದೆ. ರಾಗಿ ತೂರಿ ರಾಶಿ ಮಾಡಿದ ಮೇಲೆ, ಅಳೆದು ಮನೆಗೆ ಸಾಗಿಸುವ ತನಕ ಒಂದೆರಡು ರಾತ್ರಿ ಅದು ಕಣದಲ್ಲೇ ಉಳಿಯುತ್ತಿತ್ತು. ಕತ್ತಲಾಗುವ ಮೊದಲು ತಾತ ರಾಶಿಯ ಮೈಮೇಲೆ ಬೂದಿಯಲ್ಲಿ ಗೆರೆ ಎಳೆದು ಬರುತ್ತಿದ್ದರು. ಒಂದು ಬೊಗಸೆ ಕಾಳು ತೆಗೆದರೂ ರಾಶಿ ಜಾರುತ್ತದೆ, ಗೆರೆ ಮುರಿಯುತ್ತದೆ. ಬೆಳಗಿನ ಜಾವ ಎದ್ದು ಮುಖ ತೊಳೆಯುವ ಮೊದಲೇ ಹೋಗಿ ಆ ಗೆರೆ ನೋಡುತ್ತಿದ್ದರು.

ಸರ್ವರಿನ ಫೈಲುಗಳ ಮೇಲೆ ಕಣ್ಣಿಡುವುದೂ ಇದೇ ಕೆಲಸ. ಗೆರೆ ಎಳೆಯಬೇಕು, ಎದ್ದು ನೋಡಬೇಕು. 27 ವರ್ಷ ಸರ್ವರ್ ರೂಮಿನ ಚಳಿಯಲ್ಲಿ ಕೂತವಳಾಗಿ ಹೇಳುತ್ತೇನೆ, ಗೆರೆ ಎಳೆಯುವವರು ಬೇಕಾದಷ್ಟು ಸಿಗುತ್ತಾರೆ. ಎದ್ದು ನೋಡುವವರು ಸಿಗುವುದು ಕಷ್ಟ. ನೀನು ಎರಡನ್ನೂ ಮಾಡಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿರುವುದು ಲಿನಕ್ಸ್ ಅಂದೆ, ಹಾಗಾಗಿ ಲಿನಕ್ಸ್ ಮಾತನ್ನೇ ಆಡುತ್ತೇನೆ.

• ಸಾಧನ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಂಡು ಪಟ್ಟಿ ಬರೆ. ಯಾವ ಫೈಲು ಬದಲಾದರೆ ನಿನಗೆ ನಿದ್ದೆ ಬರುವುದಿಲ್ಲವೋ ಅವು ಮಾತ್ರ ಆ ಪಟ್ಟಿಯಲ್ಲಿರಲಿ. ಇಟಿಸಿ ಫೋಲ್ಡರಿನ ಪಾಸ್‌ವರ್ಡ್, ಶ್ಯಾಡೋ, ಸುಡೋಯರ್ಸ್ ಫೈಲುಗಳು. ಎಸ್‌ಎಸ್‌ಎಚ್ ಸರ್ವರಿನ ಕಾನ್ಫಿಗ್. ರೂಟ್ ಸೇರಿ ಪ್ರತಿಯೊಬ್ಬ ಯೂಸರಿನ ಆಥರೈಸ್ಡ್ ಕೀಸ್. ಕ್ರಾನ್ ಇರುವ ಎಲ್ಲ ಜಾಗ. ಸಿಸ್ಟಮ್‌ಡಿ ಸರ್ವಿಸ್‌ಗಳ ಫೋಲ್ಡರು. ವೆಬ್ ಸರ್ವರಿನ ಕಾನ್ಫಿಗ್. ನಿಮ್ಮ ಅಪ್ಲಿಕೇಶನ್ನಿನ ಕೋಡ್. ಇನ್ನೊಂದನ್ನು ಜನ ಮರೆಯುತ್ತಾರೆ: ಇಟಿಸಿಯಲ್ಲಿ ಎಲ್‌ಡಿ ಡಾಟ್ ಎಸ್‌ಒ ಡಾಟ್ ಪ್ರಿಲೋಡ್ ಎಂಬ ಫೈಲು. ಸಾಮಾನ್ಯವಾಗಿ ಅದು ಇರುವುದೇ ಇಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಹುಟ್ಟಿಕೊಂಡರೆ, ಪ್ರತಿ ಪ್ರೋಗ್ರಾಮಿನ ಜೊತೆಗೂ ಯಾರೋ ತಮ್ಮದೊಂದು ಲೈಬ್ರರಿ ಲೋಡ್ ಮಾಡಿಸುತ್ತಿದ್ದಾರೆ ಅಂತ ಅನುಮಾನಿಸು. ಇಲ್ಲದ ಫೈಲನ್ನೂ ಕಾಯಬೇಕಾಗುತ್ತದೆ ಈ ಕೆಲಸದಲ್ಲಿ.

• ಕ್ಯಾಶ್, ಸೆಷನ್, ಟೆಂಪ್, ಡೇಟಾಬೇಸಿನ ಫೈಲು ಇವನ್ನು ಪಟ್ಟಿಯಿಂದ ಹೊರಗಿಡು. ಬದಲಾಗುವುದೇ ಅವುಗಳ ಬಾಳು. ಲಾಗ್ ಫೈಲುಗಳದ್ದು ಬೇರೆ ನ್ಯಾಯ: ಅವು ಬೆಳೆಯಬೇಕು, ಕುಗ್ಗಬಾರದು. ಏಡ್ ಎಂಬ ಸಾಧನದಲ್ಲಿ ಗಾತ್ರ ಬೆಳೆಯುತ್ತಿದೆಯೇ ಎಂದು ಮಾತ್ರ ನೋಡುವ ಆಯ್ಕೆಯೇ ಇದೆ. ಲಾಗ್‌ರೊಟೇಟ್ ಓಡಿದ ರಾತ್ರಿ ಅದೂ ಗದ್ದಲ ಮಾಡುತ್ತದೆ ಅನ್ನುವುದು ನೆನಪಿರಲಿ.

• ವರ್ಡ್‌ಪ್ರೆಸ್ ಇದೆ ಅಂದೆಯಲ್ಲ, ಈ ಒಂದನ್ನು ಇವತ್ತೇ ಮಾಡು. ಚಿತ್ರಗಳು ಸೇರುವ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಫೈಲಿಗೆ ಏನು ಕೆಲಸ? ಕೆಲವು ಪ್ಲಗಿನ್‌ಗಳು ಖಾಲಿ ಇಂಡೆಕ್ಸ್ ಫೈಲು ಇಡುತ್ತವೆ, ಅಷ್ಟೇ. ಉಳಿದ ಯಾವ ಪಿಎಚ್‌ಪಿ ಕಂಡರೂ ಅದು ಕಳ್ಳಗಂಡಿ ಅಂತಲೇ ಹಿಡಿದು ತನಿಖೆ ಶುರು ಮಾಡಬೇಕು. ಫೈಂಡ್ ಕಮಾಂಡಿನ ಒಂದೇ ಸಾಲು ಇದನ್ನು ಹುಡುಕುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕ್ರಾನ್‌ನಲ್ಲಿ ಓಡಿಸು. ಆ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದ ಹಾಗೆ ವೆಬ್ ಸರ್ವರಿನಲ್ಲೇ ತಡೆಯುವುದನ್ನೂ ಬಿಡಬೇಡ. ಕಾವಲಿದೆ ಅಂತ ಬಾಗಿಲು ತೆರೆದಿಟ್ಟು ಮಲಗುತ್ತಾರೆಯೇ?

• ಎಚ್ಚರಿಕೆ ಯಾರಿಗೆ ಹೋಗಬೇಕು ಅನ್ನುವುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹಿಂದೆ ನಾನಿದ್ದ ಒಂದು ಕಡೆ ಹಾಗೆ ಬಂದು ಕೂತ ಫೈಲೊಂದು 19 ದಿನ ಆರಾಮಾಗಿತ್ತು. ಕಾವಲು ಇರಲಿಲ್ಲ ಅಂತಲ್ಲ. ಇತ್ತು, ಮೊದಲ ರಾತ್ರಿಯೇ ಹಿಡಿದಿತ್ತು, ಪ್ರತಿ ರಾತ್ರಿ ತಪ್ಪದೆ ಮೇಲ್ ಕಳಿಸಿತ್ತು. ಮೇಲ್ ಹೋಗುತ್ತಿದ್ದದ್ದು ಎಂಟು ತಿಂಗಳ ಹಿಂದೆ ಕೆಲಸ ಬಿಟ್ಟು ಹೋದವರ ವಿಳಾಸಕ್ಕೆ. ಆ ಮೇಲ್‌ಬಾಕ್ಸ್ ತೆರೆಸಿ, ಒಂದರ ಕೆಳಗೊಂದು ಸಾಲಾಗಿ ನಿಂತಿದ್ದ ಆ 19 ಮೇಲ್‌ಗಳನ್ನು ನೋಡಿದಾಗ ನನ್ನ ಕೈ ತಣ್ಣಗಾದದ್ದು ಇನ್ನೂ ನೆನಪಿದೆ. ಅದಕ್ಕೇ ಹೇಳುವುದು, ಎಚ್ಚರಿಕೆ ಒಬ್ಬರ ಹೆಸರಿನ ಮೇಲ್‌ಗೆ ಹೋಗಬಾರದು. ಗುಂಪಿನ ವಿಳಾಸ ಮಾಡಿಸು, ಅದರಲ್ಲಿ ಯಾರಿದ್ದಾರೆ ಅಂತ ಮೂರು ತಿಂಗಳಿಗೊಮ್ಮೆ ನೋಡು, ಯಾರಾದರೂ ಕೆಲಸ ಬಿಟ್ಟರೆ ಬೀಗದ ಕೈ ವಾಪಸ್ ಪಡೆಯುವ ದಿನವೇ ಆ ಪಟ್ಟಿಯನ್ನೂ ತಿದ್ದು.

• ಇನ್ನು ಗೆರೆ ಎಳೆಯುವ ವಿದ್ಯೆ. 1992ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೀನ್ ಕಿಮ್ ಎಂಬ ವಿದ್ಯಾರ್ಥಿ ತನ್ನ ಗುರು ಯೂಜೀನ್ ಸ್ಪ್ಯಾಫರ್ಡ್ ಜೊತೆ ಸೇರಿ ಟ್ರಿಪ್‌ವೈರ್ ಎಂಬ ಪ್ರೋಗ್ರಾಂ ಬರೆದ. ಪ್ರತಿ ಫೈಲಿನ ಬೆರಳಚ್ಚು, ಅಂದರೆ ಹ್ಯಾಶ್, ತೆಗೆದಿಟ್ಟುಕೊಂಡು, ಆಮೇಲೆ ಮತ್ತೆ ತೆಗೆದು ಹೋಲಿಸುವುದು ಅದರ ಕೆಲಸ. ಈಗ ಉಚಿತವಾಗಿ ಸಿಗುವ ಏಡ್ ಕೂಡ ಅದೇ ದಾರಿಯದು. ನಿನ್ನ ಮೂರು ಸರ್ವರ್‌ಗಳಿಗೆ ಅದು ಸಾಕು. ಬೆರಳಚ್ಚಿಗೆ ಶಾ-256 ಅಥವಾ ಅದಕ್ಕಿಂತ ದೊಡ್ಡದನ್ನು ಆರಿಸು. ಹಳೆಯ ಸ್ಕ್ರಿಪ್ಟುಗಳಲ್ಲಿ ಎಂಡಿ5 ಕಂಡರೆ ತೆಗೆ: ಎರಡು ಬೇರೆ ಫೈಲುಗಳಿಗೆ ಒಂದೇ ಎಂಡಿ5 ಬರುವ ಹಾಗೆ ಮಾಡಬಹುದೆಂದು 2004ರಲ್ಲೇ ತೋರಿಸಿದ್ದಾರೆ, ಶಾ-1 ಕೂಡ 2017ರಲ್ಲಿ ಹಾಗೇ ಮುರಿದುಬಿತ್ತು.

• ಫೈಲಿನ ತಾರೀಖು ನೋಡಿ ಸಮಾಧಾನಪಡಬೇಡ. ಎಂಟೈಮ್ ಅನ್ನುತ್ತಾರಲ್ಲ, ಕೊನೆಯ ಬದಲಾವಣೆಯ ಸಮಯ, ಅದನ್ನು ಟಚ್ ಕಮಾಂಡಿನಿಂದ ಯಾವ ವರ್ಷಕ್ಕೆ ಬೇಕಾದರೂ ತಿರುಗಿಸಬಹುದು. ಬುದ್ಧಿ ಇರುವ ಕಳ್ಳ ತಾನಿಟ್ಟ ಫೈಲಿಗೆ ಅಕ್ಕಪಕ್ಕದ ಫೈಲುಗಳದ್ದೇ ತಾರೀಖು ಹಾಕಿ ಹೋಗುತ್ತಾನೆ. ಸಿಟೈಮ್, ಅಂದರೆ ಫೈಲಿನ ವಿವರಗಳು ಬದಲಾದಾಗ ಸಿಸ್ಟಮ್ ತಾನೇ ಹಾಕುವ ಸಮಯ, ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಎಂಟೈಮ್ 2019 ಅನ್ನುತ್ತಾ ಸಿಟೈಮ್ ನಿನ್ನೆ ರಾತ್ರಿ ಅಂದರೆ, ಅದು ಬ್ಯಾಕಪ್ಪಿನಿಂದ ಬಂದದ್ದೋ ಕಳ್ಳನಿಂದ ಬಂದದ್ದೋ ಕೇಳಿ ತಿಳಿದುಕೋ.

• ಮೊದಲ ಗೆರೆಯನ್ನು ಸರ್ವರ್ ಹೊಸದಾಗಿರುವಾಗಲೇ, ಇಂಟರ್ನೆಟ್ಟಿಗೆ ತೆರೆಯುವ ಮೊದಲೇ ಎಳೆಯಬೇಕು. ನಿನಗೆ ಬಂದಿರುವವು ಹಳೆಯವು, ಅವು ಈಗಾಗಲೇ ಸ್ವಚ್ಛವಾಗಿವೆ ಅಂತ ನಂಬಲು ಏನಿದೆ? ಡೆಬಿಯನ್ ಆದರೆ ಡೆಬ್‌ಸಮ್ಸ್, ರೆಡ್‌ಹ್ಯಾಟ್ ಬಳಗವಾದರೆ ಆರ್‌ಪಿಎಮ್‌ನ ವೆರಿಫೈ ಆಯ್ಕೆ ಓಡಿಸಿ, ಪ್ಯಾಕೇಜಿನಿಂದ ಬಂದ ಫೈಲುಗಳು ಬಂದ ಹಾಗೇ ಇವೆಯೇ ಅಂತ ನೋಡು. ಅಪ್ಲಿಕೇಶನ್ ಕೋಡನ್ನು ಗಿಟ್ ಜೊತೆ ಹೋಲಿಸು. ಆಮೇಲೆ ಗೆರೆ. ಕಾಳು ಕಳುವಾದ ಮೇಲೆ ರಾಶಿಗೆ ಗೆರೆ ಎಳೆದರೆ ಅದು ಕಳ್ಳನಿಗೆ ಕೊಟ್ಟ ರಸೀದಿ.

• ಆ ಗೆರೆಯ ಪ್ರತಿ ಅದೇ ಸರ್ವರಿನಲ್ಲಿ ಮಾತ್ರ ಇರಬಾರದು. ರೂಟ್ ಹಿಡಿದವನು ಏಡ್‌ನ ಡೇಟಾಬೇಸನ್ನೇ ಹೊಸದಾಗಿ ಬರೆಯಬಲ್ಲ, ಏಡ್ ಪ್ರೋಗ್ರಾಮನ್ನೇ ಬದಲಿಸಬಲ್ಲ. ನಮ್ಮ ತಾತ ಬರೀ ಗೆರೆ ಎಳೆದು ಸುಮ್ಮನಾಗುತ್ತಿರಲಿಲ್ಲ. ನಡುವೆ ತಮ್ಮ ಅಂಗೈ ಒತ್ತಿ ಬರುತ್ತಿದ್ದರು, ಎಡಗೈಯ ಕಿರುಬೆರಳು ಸೊಟ್ಟ ಇದ್ದದ್ದು ಅದರಲ್ಲಿ ಮೂಡುತ್ತಿತ್ತು. ಯಾರಾದರೂ ಕದ್ದು ಮತ್ತೆ ಗೆರೆ ಎಳೆದಿಟ್ಟರೂ ಆ ಬೆರಳನ್ನು ಎಲ್ಲಿಂದ ತರುತ್ತಾರೆ? ನಿನಗೆ ಆ ಸೊಟ್ಟ ಬೆರಳು ಅಂದರೆ ಬೇರೆ ಯಂತ್ರದಲ್ಲಿ, ಈ ಸರ್ವರಿನ ಪಾಸ್‌ವರ್ಡಿಗೆ ತೆರೆಯದ ಜಾಗದಲ್ಲಿ ಇಟ್ಟ ಪ್ರತಿ. ವಾರಕ್ಕೊಮ್ಮೆ ಎರಡನ್ನೂ ಹೋಲಿಸಿ ನೋಡು. ಲಾಗುಗಳನ್ನೂ ಆರ್‌ಸಿಸ್‌ಲಾಗ್ ಮೂಲಕ ಬಂದ ಹಾಗೇ ಹೊರಗೆ ಕಳಿಸುತ್ತಿರು. ಲಾಗು ಉಳಿಸುವುದು ಹೇಗೂ ಮಾಡಬೇಕಾದದ್ದೇ: ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗುಗಳನ್ನು 180 ದಿನ ಉಳಿಸಿಕೊಳ್ಳಬೇಕು, ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಆ 6 ಗಂಟೆ ಎಷ್ಟು ಬೇಗ ಕಳೆಯುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಯಾರಿಗೆ, ಯಾವ ವಿಳಾಸಕ್ಕೆ ತಿಳಿಸಬೇಕು ಅಂತ ಮೊದಲೇ ಗೋಡೆಗೆ ಅಂಟಿಸಿಕೋ.

• ಏಡ್ ದಿನಕ್ಕೊಮ್ಮೆ ಓಡುತ್ತದೆ. ನಡುವಿನ ಹೊತ್ತಿಗೆ ಏನು ಅಂತ ಕೇಳುತ್ತೀಯ. ಅದಕ್ಕೆ ಲಿನಕ್ಸ್ ಕರ್ನಲ್‌ನಲ್ಲೇ ಐನೋಟಿಫೈ ಇದೆ, 2005ರಲ್ಲಿ 2.6.13ರ ಜೊತೆ ಬಂದದ್ದು. ಫೈಲು ಬದಲಾದ ಕ್ಷಣವೇ ಹೇಳುತ್ತದೆ. ಒಳ್ಳೆಯ ಸಾಧನ, ಆದರೆ ಅದರ ಸ್ವಭಾವ ಗೊತ್ತಿಲ್ಲದೆ ನಂಬಿದವರು ಕೆಟ್ಟಿದ್ದಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಂದು ಫೋಲ್ಡರನ್ನು ಕಾಯಿ ಅಂದರೆ ಅದೊಂದನ್ನೇ ಕಾಯುತ್ತದೆ, ಒಳಗಿನ ಫೋಲ್ಡರುಗಳಿಗೆ ಬೇರೆಬೇರೆಯಾಗಿ ಹೇಳಬೇಕು. ಐನೋಟಿಫೈವೇಟ್ ಕಮಾಂಡಿಗೆ ಒಳಗಿನದನ್ನೂ ಸೇರಿಸು ಅನ್ನಬಹುದು, ಆದರೂ ಹೊಸ ಫೋಲ್ಡರು ಹುಟ್ಟಿ ಅದಕ್ಕೆ ಕಾವಲು ಬೀಳುವಷ್ಟರಲ್ಲಿ ಒಳಗೆ ಬಿದ್ದ ಫೈಲು ತಪ್ಪಿಹೋಗಬಹುದು. ವಿಮ್‌ನಂಥ ಎಡಿಟರುಗಳು ಎಷ್ಟೋ ಸಲ ಹೊಸ ಫೈಲು ಬರೆದು ಹಳೆಯ ಹೆಸರನ್ನು ಅದಕ್ಕೆ ಕೊಡುತ್ತವೆ. ನೀನು ಫೈಲನ್ನೇ ಕಾಯುತ್ತಿದ್ದರೆ ಹಳೆಯದರ ಹೆಣ ಕಾಯುತ್ತಾ ಕೂರುತ್ತೀಯ. ಹಾಗಾಗಿ ಫೋಲ್ಡರನ್ನು ಕಾಯಿ. ಬರೆಯುತ್ತಿರುವಾಗ ಪ್ರತಿ ತುಣುಕಿಗೂ ಬರುವ ಮಾಡಿಫೈ ಸುದ್ದಿ ಬೇಡ, ಬರೆದು ಮುಚ್ಚಿದಾಗ ಬರುವ ಕ್ಲೋಸ್‌ರೈಟ್ ಮತ್ತು ಬೇರೆಡೆಯಿಂದ ಸರಿದು ಬಂದಾಗಿನ ಮೂವ್ಡ್‌ಟು ತೆಗೆದುಕೋ. ಜೊತೆಗೆ ಡಿಲೀಟ್, ಮತ್ತು ಅನುಮತಿ ಬದಲಾದಾಗಿನ ಆಟ್ರಿಬ್. ಎನ್‌ಎಫ್‌ಎಸ್ ಮೂಲಕ ಜೋಡಿಸಿದ ಫೋಲ್ಡರಿನಲ್ಲಿ ಆಚೆ ಕಡೆಯ ಯಂತ್ರ ಬದಲಾಯಿಸಿದ್ದು ಇದಕ್ಕೆ ಕಾಣಿಸುವುದೇ ಇಲ್ಲ. ಸುದ್ದಿಗಳ ಸರತಿಯ ಮಿತಿ ಸಾಮಾನ್ಯವಾಗಿ 16384. ತುಂಬಿ ತುಳುಕಿದರೆ ಓವರ್‌ಫ್ಲೋ ಎಂಬ ಒಂದೇ ಸುದ್ದಿ ಬಂದು ಉಳಿದವು ಚೆಲ್ಲಿಹೋಗುತ್ತವೆ. ಆ ಓವರ್‌ಫ್ಲೋ ಸುದ್ದಿಗೂ ಎಚ್ಚರಿಕೆ ಕಟ್ಟು.

• ಕಾವಲು ಸ್ಕ್ರಿಪ್ಟ್ ಸತ್ತಿದ್ದ ಹೊತ್ತಿನಲ್ಲಿ ಆದದ್ದು ಐನೋಟಿಫೈಗೆ ಎಂದೂ ಗೊತ್ತಾಗುವುದಿಲ್ಲ. ಅದಕ್ಕೇ ಏಡ್ ಮತ್ತು ಇದು ಎರಡೂ ಬೇಕು.

• ಒಂದೆರಡು ಫೈಲಿಗಷ್ಟೇ ಆದರೆ ಸ್ಕ್ರಿಪ್ಟ್ ಬರೆಯುವ ಕಷ್ಟವೂ ಬೇಡ. ಸಿಸ್ಟಮ್‌ಡಿಯ ಪಾತ್ ಯೂನಿಟ್ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ, ಎನೇಬಲ್ ಮಾಡಿಟ್ಟರೆ ಮೆಷಿನ್ ರೀಬೂಟ್ ಆದರೂ ತಾನೇ ಎದ್ದು ಕೂರುತ್ತದೆ.

• ಏನು ಬದಲಾಯಿತು ಅಂತ ಐನೋಟಿಫೈ ಹೇಳುತ್ತದೆ, ಯಾರು ಅಂತ ಹೇಳುವುದಿಲ್ಲ. ಯಾರು ಅನ್ನುವುದಕ್ಕೆ ಆಡಿಟ್‌ಡಿ. ಆಡಿಟ್ ನಿಯಮದಲ್ಲಿ ಫೈಲಿನ ದಾರಿ ಕೊಟ್ಟು, ಬರೆದರೆ ಮತ್ತು ಗುಣಲಕ್ಷಣ ಬದಲಿಸಿದರೆ ದಾಖಲಿಸು ಅಂತ ಹೇಳಿ, ಒಂದು ಗುರುತಿನ ಹೆಸರು ಕೊಡು. ಆಮೇಲೆ ಆ ಹೆಸರು ಹಿಡಿದು ಎಯುಸರ್ಚ್ ಮಾಡಿದರೆ ಯಾವ ಪ್ರೋಗ್ರಾಂ, ಯಾವ ಯೂಸರ್, ಎಷ್ಟು ಹೊತ್ತಿಗೆ ಅಂತ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಎಯುಐಡಿ ಎಂಬ ಅಂಕಿಯೇ ಚಿನ್ನ: ಒಬ್ಬರು ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ ಆಮೇಲೆ ಸುಡೋ ಹಾಕಿ ರೂಟ್ ಆದರೂ, ಮೊದಲು ಒಳಗೆ ಬಂದವರ ಗುರುತು ಅಲ್ಲಿ ಉಳಿದಿರುತ್ತದೆ. ಅಲ್ಲಿ 4294967295 ಅಂತ ಕಂಡರೆ ಹೆದರಬೇಡ. ಲಾಗಿನ್ ಆದವರ ಕೆಲಸವಲ್ಲ, ಯಾವುದೋ ಸರ್ವಿಸ್ ಮಾಡಿದ್ದು ಅಂತ ಅರ್ಥ. ಆದರೆ ವೆಬ್ ಸರ್ವರಿನ ಹೆಸರಿನಲ್ಲಿ ಆಥರೈಸ್ಡ್ ಕೀಸ್ ಬದಲಾಗಿ, ಅಲ್ಲಿ ಈ ಅಂಕಿ ಇದ್ದರೆ ಹೆದರು. ಆಡಿಟ್‌ಸಿಟಿಎಲ್‌ನಿಂದ ಹಾಕಿದ ನಿಯಮ ರೀಬೂಟಿಗೆ ಹಾರಿಹೋಗುತ್ತದೆ, ರೂಲ್ಸ್ ಫೋಲ್ಡರಿನಲ್ಲಿ ಬರೆದಿಡು.

• ಕಂಟೇನರುಗಳಿದ್ದರೆ ನಿನ್ನ ಕೆಲಸ ಹಗುರ. ಡಾಕರ್ ಡಿಫ್ ಕೊಟ್ಟರೆ ಇಮೇಜಿಗೆ ಹೋಲಿಸಿ ಸೇರಿದ್ದು, ಬದಲಾದದ್ದು, ಅಳಿಸಿದ್ದು ಎಲ್ಲ ಹೇಳುತ್ತದೆ. ಕೋಡ್ ಇರುವ ಜಾಗದಲ್ಲಿ ಒಂದು ಫೈಲು ಬದಲಾಗಿದ್ದರೂ ಯಾರು, ಯಾಕೆ ಅಂತ ಕೇಳಬೇಕು.

• ಈಗ ಎಚ್ಚರಿಕೆಯ ವಿಷಯ. ಮೂರು ದರ್ಜೆ ಮಾಡು, ನಾಲ್ಕನೆಯದು ಬೇಡ. ಮಲಗಿದವರನ್ನು ಎಬ್ಬಿಸುವಂಥದ್ದು: ಸುಡೋಯರ್ಸ್, ಕೀಗಳು, ಪ್ರಿಲೋಡ್, ಅಪ್‌ಲೋಡ್ಸಿನ ಪಿಎಚ್‌ಪಿ. ಹಗಲಿನಲ್ಲಿ ಗುಂಪಿಗೆ ಮೆಸೇಜು ಹೋದರೆ ಸಾಕಾದದ್ದು: ವೆಬ್ ಕಾನ್ಫಿಗ್, ಕ್ರಾನ್. ಉಳಿದೆಲ್ಲ ಬೆಳಿಗ್ಗೆ ಕಾಫಿ ಜೊತೆ ಓದುವ ಒಂದು ಮೇಲ್. ಎಲ್ಲದಕ್ಕೂ ಫೋನ್ ಗುಂಯ್ ಅನ್ನಿಸಿದರೆ ಎರಡನೇ ವಾರ ನೀನೇ ಅದರ ಬಾಯಿ ಮುಚ್ಚುತ್ತೀಯ. ನಾನೂ ಮುಚ್ಚಿದ್ದೇನೆ, ಅದಕ್ಕೆ ನಾಚಿಕೆಪಟ್ಟಿದ್ದೇನೆ.

• ಎಚ್ಚರಿಕೆ ಕಂಡವರಿಗೆ ಕೈಹಾಕುವ ಅಧಿಕಾರವೂ ಇರಬೇಕು. 2013ರ ನವೆಂಬರ್ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳ ಕಂಪ್ಯೂಟರುಗಳಿಗೆ ಕಳ್ಳರು ಮಾಲ್‌ವೇರ್ ಇಳಿಸುತ್ತಿದ್ದಾಗ ಅವರ ಫೈರ್‌ಐ ವ್ಯವಸ್ಥೆ ಕೂಗಿತ್ತು. ಆ ಕೂಗನ್ನು ಕೇಳಿದ್ದು ನಮ್ಮ ಬೆಂಗಳೂರಿನಲ್ಲಿ ಕೂತಿದ್ದ ತಂಡ. ಅವರು ಮಿನಿಯಾಪೊಲಿಸ್‌ನ ಕೇಂದ್ರ ಕಚೇರಿಯಲ್ಲಿದ್ದವರಿಗೆ ತಿಳಿಸಿಯೂ ಇದ್ದರು ಅಂತ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ 2014ರ ಮಾರ್ಚಿನಲ್ಲಿ ಬರೆಯಿತು. ಆ ಹೊತ್ತಿಗೆ ಯಾರೂ ಏಳಲಿಲ್ಲ. 4 ಕೋಟಿ ಕಾರ್ಡುಗಳ ವಿವರ ಹೋಯಿತು. ಇಲ್ಲಿ ಕೂತು ಸರಿಯಾಗಿ ಕೆಲಸ ಮಾಡಿದ ಆ ಹುಡುಗ ಹುಡುಗಿಯರ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಿಮ್ಮ ಮ್ಯಾನೇಜರ್ ಹತ್ತಿರ ಈಗಲೇ ಕೇಳಿ ಬರವಣಿಗೆಯಲ್ಲಿ ತೆಗೆದುಕೋ: ಮಧ್ಯರಾತ್ರಿ ಒಂದು ಸರ್ವರನ್ನು ನೆಟ್‌ವರ್ಕಿನಿಂದ ಬಿಡಿಸಬೇಕಾದರೆ ನಾನೇ ಬಿಡಿಸಬಹುದೇ, ಯಾರನ್ನು ಕೇಳಬೇಕು, ಅವರು ಫೋನ್ ಎತ್ತದಿದ್ದರೆ?

• ಎಚ್ಚರಿಕೆಯ ಮೊದಲ ಸಾಲಿನಲ್ಲೇ ಯಾವ ಸರ್ವರ್, ಯಾವ ಫೈಲು, ಏನಾಯಿತು, ಎಷ್ಟು ಹೊತ್ತಿಗೆ ಇರಲಿ. ಕಣ್ಣುಜ್ಜಿಕೊಂಡು ಓದುವವರಿಗೆ ಎರಡನೇ ಸಾಲು ಕಾಣುವುದಿಲ್ಲ. ಸಮಯವನ್ನು ನಮ್ಮ ಗಂಟೆಯಲ್ಲೂ ಬರೆಸು. ಸರ್ವರ್ ಯುಟಿಸಿಯಲ್ಲಿದ್ದರೆ ಅದರ 20:30 ನಮಗೆ ನಡುರಾತ್ರಿ 2 ಗಂಟೆ. ರಾತ್ರಿ ಎಂಟೂವರೆಗೆ ಯಾರೋ ಕೆಲಸ ಮಾಡುತ್ತಿದ್ದಿರಬೇಕು ಅಂದುಕೊಂಡು ಬಿಟ್ಟವರನ್ನು ನೋಡಿದ್ದೇನೆ. ಮತ್ತೆ, ಬದಲಾದ ಸಾಲುಗಳನ್ನೇ ಮೇಲ್‌ನಲ್ಲಿ ಕಳಿಸುವ ಆಸೆ ಬೇಡ. ಕಾನ್ಫಿಗ್ ಫೈಲಿನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಇರುತ್ತದೆ, ಅದು ಹತ್ತು ಜನರ ಮೇಲ್‌ಬಾಕ್ಸ್ ಸೇರುತ್ತದೆ.

• ಅಪ್‌ಡೇಟ್ ಹಾಕಿದ ರಾತ್ರಿ ಏಡ್ ನೂರಾರು ಫೈಲು ಬದಲಾದವು ಅನ್ನುತ್ತದೆ. ಆಗ ಓದದೆ ಹೊಸ ಗೆರೆ ಎಳೆದುಬಿಡುವುದೇ ಎಲ್ಲರೂ ಮಾಡುವ ತಪ್ಪು. ಅಪ್‌ಡೇಟಿಗೆ ಮೊದಲು ಒಂದು ಸಲ ಪರೀಕ್ಷಿಸು, ಸ್ವಚ್ಛ ಅಂದಮೇಲೆ ಅಪ್‌ಡೇಟ್ ಹಾಕು, ಮತ್ತೆ ಪರೀಕ್ಷಿಸಿ ಪ್ಯಾಕೇಜ್ ಲಾಗಿನ ಜೊತೆ ತಾಳೆ ನೋಡು, ಆಮೇಲೆ ಹೊಸ ಗೆರೆ. ಇಟಿಸಿಯನ್ನು ಎಟ್ಸಿಕೀಪರ್ ಮೂಲಕ ಗಿಟ್‌ನಲ್ಲಿಟ್ಟರೆ ಈ ತಾಳೆ ಅರ್ಧ ಸುಲಭ. ಇಷ್ಟಾದರೂ ಒಂದು ಮಿತಿ ತಿಳಿದಿರು: 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಎಂಬ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಕಳ್ಳಬಾಗಿಲು ಸಿಕ್ಕಿತಲ್ಲ, ಅದು ಬಂದದ್ದು ನ್ಯಾಯವಾದ ಅಪ್‌ಡೇಟಿನ ದಾರಿಯಲ್ಲೇ. ಅದನ್ನು ಹಿಡಿದದ್ದು ಕಾವಲು ಸಾಧನವಲ್ಲ. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಅಂತ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಹಠ ಹಿಡಿದು ಬೆನ್ನುಹತ್ತಿದ್ದು.

• ಏಡ್ ಮುಗಿದಾಗ ಬರುವ ಎಕ್ಸಿಟ್ ಕೋಡ್ ಓದುವುದನ್ನು ಸ್ಕ್ರಿಪ್ಟಿಗೆ ಕಲಿಸು. 0 ಅಂದರೆ ಏನೂ ಬದಲಾಗಿಲ್ಲ. ಹೊಸ ಫೈಲಿಗೆ 1, ಅಳಿದದ್ದಕ್ಕೆ 2, ಬದಲಾದದ್ದಕ್ಕೆ 4, ಇವು ಕೂಡಿ 7ರವರೆಗೆ. 14 ಮತ್ತು ಅದಕ್ಕಿಂತ ಮೇಲಿನದು ಬಂದರೆ ಪರೀಕ್ಷೆಯೇ ನಡೆದಿಲ್ಲ, ಎಡವಿ ಬಿದ್ದಿದೆ. ಅದು ಮಲಗಿದವರನ್ನು ಎಬ್ಬಿಸುವ ದರ್ಜೆಯದು.

• ಮೌನವನ್ನು ನಂಬಬೇಡ. ನಮ್ಮ ಬಡಾವಣೆಯ ಕಾವಲಿನವನು ರಾತ್ರಿ ಗಂಟೆಗೊಮ್ಮೆ ಸೀಟಿ ಊದುತ್ತಿದ್ದದ್ದು ಕಳ್ಳ ಬಂದ ಅಂತಲ್ಲ, ತಾನು ಎಚ್ಚರ ಇದ್ದೇನೆ ಅಂತ. ನಿನ್ನ ಪರೀಕ್ಷೆ ಮುಗಿದಾಗಲೆಲ್ಲ ಬೇರೊಂದು ಯಂತ್ರಕ್ಕೆ ಮುಗಿಯಿತು ಅಂತ ಹೇಳಲಿ. ಹೇಳಬೇಕಾದ ಹೊತ್ತಿಗೆ ಹೇಳದಿದ್ದರೆ ಆ ಯಂತ್ರ ನಿನ್ನನ್ನು ಕರೆಯಲಿ.

• ತಿಂಗಳ ಮೊದಲ ಸೋಮವಾರ ನೀನೇ ಕಳ್ಳಿಯಾಗು. ಕಾವಲಿರುವ ಜಾಗದಲ್ಲಿ ಇದಕ್ಕೆಂದೇ ಇಟ್ಟ ಫೈಲಿಗೆ ಒಂದು ಸಾಲು ಸೇರಿಸಿ, ಫೋನ್ ಕೂಗಲು ಎಷ್ಟು ನಿಮಿಷ ಹಿಡಿಯಿತು ಅಂತ ಬರೆದಿಡು. ಬರೀ ಟಚ್ ಮಾಡಿದರೆ ಸಾಲದು, ಅದರಿಂದ ಬೆರಳಚ್ಚು ಬದಲಾಗುವುದಿಲ್ಲ.

• ನಿಜವಾಗಿ ಕೂಗಿದ ರಾತ್ರಿ, ಮೊದಲು ಕುಡಿಯಲು ನೀರು ತೆಗೆದುಕೋ. ಆ ಫೈಲನ್ನು ಅಳಿಸಬೇಡ, ತೆರೆದು ತಿದ್ದಬೇಡ, ಸರ್ವರ್ ರೀಬೂಟ್ ಮಾಡಬೇಡ. ಮೆಮೊರಿಯಲ್ಲಿದ್ದ ಸಾಕ್ಷಿ ಹೋಗುತ್ತದೆ. ಸ್ಟ್ಯಾಟ್ ಕೊಟ್ಟು ಸಮಯಗಳನ್ನು ಬರೆದುಕೋ, ಬೆರಳಚ್ಚು ತೆಗೆ, ಪ್ರತಿಯೊಂದನ್ನು ಹೊರಗೆ ಸಾಗಿಸು, ಯಾರು ಲಾಗಿನ್ ಆಗಿದ್ದಾರೆ ನೋಡು, ಆಮೇಲೆ ನೆಟ್‌ವರ್ಕ್ ಬಿಡಿಸು. ಜೊತೆಯಲ್ಲಿ ಕೆಲಸ ಮಾಡುವವರಲ್ಲಿ ಯಾರೋ ಹೇಳದೆ ಬದಲಾಯಿಸಿದ್ದು ಅಂತ ಗೊತ್ತಾದರೆ ಕೂಗಾಡಬೇಡ. ಕೂಗಾಡಿದರೆ ಮುಂದಿನ ಸಲ ಅವರು ಒಪ್ಪಿಕೊಳ್ಳುವುದಿಲ್ಲ, ನಿನಗೆ ನಿಜವಾದ ಕಳ್ಳನಿಗೂ ಅವರಿಗೂ ವ್ಯತ್ಯಾಸ ಗೊತ್ತಾಗದೆ ಹೋಗುತ್ತದೆ. ನನಗೆ ಯಾವ ಹೊತ್ತಿಗಾದರೂ ಫೋನ್ ಮಾಡು, ಎತ್ತುತ್ತೇನೆ.

ನಾಳೆ ಆಫೀಸಿಗೆ ಹೋದ ಕೂಡಲೇ ಮೂರೂ ಸರ್ವರ್‌ಗಳಲ್ಲಿ ರೂಟ್‌ನ ಮೇಲ್ ಯಾರ ವಿಳಾಸಕ್ಕೆ ಹೋಗುತ್ತಿದೆ ಅಂತ ನೋಡು. ನೋಡಿ, ಆ ಹೆಸರಿನವರು ಈಗಲೂ ಅಲ್ಲಿ ಕೆಲಸದಲ್ಲಿದ್ದಾರೆಯೇ ಅಂತ ಸಂಜೆ ನನಗೆ ಹೇಳು.

ನಿನ್ನ ದೊಡ್ಡಮ್ಮ